ನಾಕೂ ಮೂಲಿ ಕಾಳು

ನಮ್ಮವ್ವ ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಕುದಿಸಿದ ಭತ್ತ ಒಣಗಿಸುತ್ತಿದ್ದಳು. ಕಾದ ಅಂಗಳದಲ್ಲಿ ಬರಿಗಾಲಿನಿಂದ ಭತ್ತದೊಳಗೆ ಸಾಲು ಎಳೆಯುತ್ತ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುವ ಕೆಲಸ. ಸುಗ್ಗಿಯಲ್ಲಿ ಕೂಲಿಯಾಗಿ ಬಂದ ಭತ್ತವನ್ನು ಮನೆಯಲ್ಲೂ ಕುದಿಸಿ ಬಾಗಿಲ ಮುಂದೆ ಹರವುತ್ತಿದ್ದಳು. "ಒಣಗ್ಯಾದೇನಬೇ?" ಅಂತ ನಾನು ಕೇಳಿದರೆ ಒಲೆಯ ಮುಂದಿನಿಂದ ಏಳದೆ, "ಒಣಗ್ಯಾದ, ನನಗ ಗೊತ್ತದ" ಅನ್ನುತ್ತಿದ್ದಳು.

ಮಿಲ್ಲಿನಲ್ಲೂ ಅದೇ ಬಿಸಿಲು, ಅಂಥದೇ ಭತ್ತ. ಅಲ್ಲಿ ಮೇಸ್ತ್ರಿ ಕೇಳಿದರೆ ಮಾತ್ರ, "ಇನ್ನಾ ಗೊತ್ತಿಲ್ರೀ" ಅಂದು ಅಂಗಳದ ನಾಲ್ಕೂ ಮೂಲೆಗೆ ಹೋಗಿ ಒಂದೊಂದು ಕಾಳು ಕಚ್ಚಿ ನೋಡುವಳು.

ಎಪ್ಪತ್ತರ ದಶಕದ ಕೊನೆ. ನಾನಾಗ ರಾಯಚೂರಿನಲ್ಲಿ ಬಿ.ಎ. ಓದುತ್ತಿದ್ದೆ. ರಜೆಯಲ್ಲೊಮ್ಮೆ ಬುತ್ತಿ ಒಯ್ದಾಗ ಇದನ್ನು ಕಂಡು ನಕ್ಕೆ. "ಮನ್ಯಾಗ ಗೊತ್ತಿದ್ದದ್ದು ಇಲ್ಲಿ ಯಾಕಬೇ ಗೊತ್ತಿಲ್ಲ? ಗೊತ್ತು ಅಂದ್ರ ಗೊತ್ತು."

"ಮನ್ಯಾಗ ತಪ್ಪಿದ್ರ ನಾಳಿಗಿ ಮತ್ತ ಬಿಸಲಿಗಿ ಹಾಕ್ತೀನಿ. ಇಲ್ಲಿ ತಪ್ಪಿದ್ರ ಅಕ್ಕಿ ನುಚ್ಚಾಗ್ತದ, ನನ್ನ ಸಂಗಾಟ ಐದು ಮಂದಿ ಹೆಣ್ಮಕ್ಕಳ ಕೆಲಸ ಹೋಗ್ತದ. ಓದ್ದಾಂವ, ಇಷ್ಟೂ ತಿಳಿಯಂಗಿಲ್ಲೇನು?"

ತಿಳಿಯಲಿಲ್ಲ. ಓದಿಲ್ಲದವಳ ಮಾತು ಅಂದುಕೊಂಡೆ.

ಫಲಿತಾಂಶ ಬಂದ ದಿನ ಗೆಳೆಯನೊಬ್ಬ ರಾಯಚೂರಿನ ಬಸ್ಸಿನಿಂದ ಇಳಿಯುತ್ತಲೇ, "ಪಾಸ್ ಆಗೀದಿ ಲೇ!" ಅಂದ. ಚಹಾದಂಗಡಿಯಲ್ಲಿ ಹೇಳಿದೆ, ಓಣಿಯಲ್ಲೆಲ್ಲ ಹೇಳಿದೆ. "ಖರೇ ಗೊತ್ತೇನು?" ಅಂದವರಿಗೆಲ್ಲ "ಗೊತ್ತದ" ಅಂದೆ. ನಮ್ಮ ವಂಶದಲ್ಲೇ ಮೊದಲ ಡಿಗ್ರಿ. ಪಾಸಾದರೆ ಕೆಲಸ ಕೊಡುತ್ತೇವೆ ಅಂತ ದೇವದುರ್ಗದ ಶಾಲೆಯೊಂದು ಮಾತು ಕೊಟ್ಟಿತ್ತು.

ಅವ್ವ ಒಡೆದ ಹಿಮ್ಮಡಿಗೆ ಎಣ್ಣೆ ಸವರುತ್ತ ಕೇಳಿದಳು, "ಹಂಗಾರ ನಾಳಿಂದ ಮಿಲ್ಲಿಗಿ ಬರಂಗಿಲ್ಲ ಅಂತ ಹೇಳಿಬಿಡ್ಲೇನಪಾ?"

ಅವಳು ಬಿಟ್ಟ ಜಾಗಕ್ಕೆ ಮರುದಿನವೇ ಇನ್ನೊಬ್ಬಳು ಬರುತ್ತಾಳೆ. ಮತ್ತೆ ಸಿಗುವ ಕೆಲಸವಲ್ಲ.

"ತಡಿಯಬೇ. ಗೊತ್ತಿಲ್ಲ."

"ಈಗರೆ ಊರಿಗೆಲ್ಲ ಗೊತ್ತದ ಅಂತ ಸಾರಿ ಬಂದೆಲ್ಲೋ!" ಅವ್ವ ನಕ್ಕು, ಎಣ್ಣೆಗೈಯಲ್ಲೇ ನನ್ನ ತಲೆ ಸವರಿದಳು.

ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಕಾಲೇಜಿನ ಬೋರ್ಡಿನಲ್ಲಿ ನನ್ನ ನಂಬರಿನ ಮೇಲೆ ಬೆರಳಿಟ್ಟು, ಪಕ್ಕಕ್ಕೆ ಹಾಲ್ ಟಿಕೆಟ್ ಹಿಡಿದು ಮೂರು ಸಲ ಓದಿದೆ. ಆಫೀಸಿನೊಳಗೆ ಹೋಗಿ ಗುಮಾಸ್ತರನ್ನೂ ಕೇಳಿದೆ. "ಬೋರ್ಡಿನ ಮ್ಯಾಗ ಅದಲ್ಲಪಾ, ಕಣ್ಣು ಕಾಣಂಗಿಲ್ಲೇನು?" ಅಂತ ಗದರಿದರು. ಗದರಿಸಿಕೊಂಡಿದ್ದು ಒಳ್ಳೆಯದೇ ಅನ್ನಿಸಿತು.

ಮಧ್ಯಾಹ್ನ ನೆಟ್ಟಗೆ ಮಿಲ್ಲಿಗೆ ಹೋದೆ. ಅವ್ವ ಅಂಗಳದ ನಡುವೆ ಇದ್ದಳು.

"ಗೊತ್ತದಬೇ."

"ನಾಕೂ ಮೂಲಿ ನೋಡ್ದಿಯೇನು?"

"ನೋಡೀನಿ."

ಸೆರಗಿನಿಂದ ಮುಖ ಒರೆಸಿಕೊಂಡಳು, ಬಹಳ ಹೊತ್ತು.

"ನೆಳ್ಳಿಗಿ ಕುಂದ್ರು. ಈ ಸಾಲು ಮುಗಿಸಿ ಬರ್ತೀನಿ."