ತಟ್ಟೆಯ ಅಂಚಿನ ಬೆರಳು

ಹಿಂದೂಪುರದ ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಯಾವ ಅಳತೆಯೂ ಪೂರ್ತಿ ನಿಜ ಹೇಳುವುದಿಲ್ಲ, ಎಷ್ಟು ಆಚೀಚೆ ಆಗಬಹುದು ಎಂಬುದನ್ನೂ ಜೊತೆಗೇ ಬರೆಯಬೇಕು ಎಂದು ಹೊಸಬರಿಗೆ ಜಂಬದಿಂದ ಹೇಳಿಕೊಡುತ್ತಿದ್ದೆ. ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಬಾಣಂತನಕ್ಕೆ ಕಲ್ಯಾಣದುರ್ಗದ ತವರಿಗೆ ಬಂದ ಮೇಲೆ ಆ ಜಂಬವೆಲ್ಲ ಇಳಿದುಹೋಯಿತು.

ನಿದ್ದೆಯೋ ಎಚ್ಚರವೋ ತಿಳಿಯದ ಹಾಗೆ ದಿನಗಳು ತೇಲಿಹೋದವು. ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಕೋಣೆಯ ತುಂಬ ಸಾಂಬ್ರಾಣಿ ಹೊಗೆ. ಎದೆಯ ಮೇಲೆ ಮಲಗಿದ ಕೂಸು ಒಮ್ಮೆ ಭಾರ ಅನ್ನಿಸುತ್ತಿತ್ತು, ಇನ್ನೊಮ್ಮೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಕಣ್ಣು ಮುಚ್ಚಿಕೊಂಡೇ ಅವಳನ್ನು ತೂಗುತ್ತಿದ್ದೆ.

ವಾರಕ್ಕೊಮ್ಮೆ ಅಮ್ಮನ ಜೊತೆ ಹೋಗಿ ಆರೋಗ್ಯ ಕೇಂದ್ರದಲ್ಲಿ ಕೂಸಿನ ತೂಕ ಹಾಕಿಸಬೇಕಿತ್ತು. ಅಂಕಿ ಏರುತ್ತಲೇ ಇರಲಿಲ್ಲ.

"ಮುಂದಿನ ವಾರಾನೂ ಪಾಪುಂದು ತೂಕ ಏರ್ಲಿಲ್ಲಾಂದ್ರೆ ಅನಂತಪುರದ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು ಕಣಮ್ಮ. ಅಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತಾರೆ" ಎಂದರು ನರ್ಸಮ್ಮ. ಅವಳನ್ನು ನನ್ನಿಂದ ಬಿಡಿಸಿಕೊಂಡು ಹೋಗುತ್ತಾರೆ ಎಂಬುದಷ್ಟೇ ನನ್ನ ತಲೆಯಲ್ಲಿ ಉಳಿಯಿತು.

ಮುಂದಿನ ವಾರ ಒಂದು ಕಿಲೋ ಉಪ್ಪಿನ ಪೊಟ್ಟಣ ಒಯ್ದೆ. ತೂಕದ ಮಿಷಿನ್ನಿನ ತಟ್ಟೆಯ ಮೇಲೆ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಪ್ರತಿ ಸಲವೂ ಅದೇ ಅಂಕಿ. ಮಿಷಿನ್ ಸರಿಯಾಗಿಯೇ ಇತ್ತು. ಮಗಳನ್ನೂ ಹಾಗೆಯೇ ಮಲಗಿಸಿ, ಎತ್ತಿ, ಮತ್ತೆ ಮಲಗಿಸಿದೆ. ಒಂದೊಂದು ಸಲ ಒಂದೊಂದು ಅಂಕಿ. ಕಾಲಾಡಿಸುತ್ತಾಳೆ, ನಿಜ, ಆದರೂ ಇಷ್ಟು ವ್ಯತ್ಯಾಸ ಬರಬಾರದು. ಬಗ್ಗಿ ನೋಡಿದೆ. ಕೂಸು ಉರುಳದ ಹಾಗೆ ಹಿಡಿದುಕೊಂಡು ನಿಂತಿದ್ದ ಅಮ್ಮನ ಬೆರಳು ತಟ್ಟೆಯ ಅಂಚನ್ನು ಕೆಳಗಿನಿಂದ ಮೆಲ್ಲಗೆ ಎತ್ತುತ್ತಿತ್ತು. ಕೂಸು ಬೆಳೆದಷ್ಟೂ ವಾರದಿಂದ ವಾರಕ್ಕೆ ಬೆರಳಿನ ಒತ್ತೂ ಹೆಚ್ಚುತ್ತ ಬಂದಿರಬೇಕು.

"ಅಮ್ಮಾ, ಕೈ ತೆಗಿ."

"ಕೂಸಿನ ಸರಿ ತೂಕ ನಾಕು ಜನದ ಮುಂದೆ ತೋರಿಸ್ಬಾರ್ದು ಕಣಮ್ಮ. ದಿಷ್ಟಿ ತಾಕ್ತೈತೆ."

ಮೈಯೆಲ್ಲ ಉರಿದುಹೋಯಿತು. "ನಿನ್ನ ದಿಷ್ಟಿಗಿಷ್ಟು ಬೆಂಕಿ ಹಾಕ. ನನ್ನ ಮಗೂನ ನನ್ನಿಂದ ಕಿತ್ಕೊಳ್ಳೋ ಹಂಗೆ ಮಾಡಿದ್ಯಲ್ಲ" ಎಂದು ಎಲ್ಲರೆದುರೇ ರೇಗಿದೆ. ಅಮ್ಮ ಕೈ ತೆಗೆದಳು. ಅಂಕಿ ಏರಿ ನಿಂತಿತು.

"ಚೆನ್ನಾಗೇ ಬೆಳೀತಾವ್ಳೆ. ಅನಂತಪುರ ಬ್ಯಾಡ ಬುಡಮ್ಮ" ಎಂದರು ನರ್ಸಮ್ಮ.

ಹೊರಗೆ ಬೇವಿನ ನೆರಳಿನಲ್ಲಿ ಆಟೋ ಕಾಯುತ್ತ ನಿಂತೆವು. ಬಿಸಿಲು ಮಂಪರು ತರಿಸುತ್ತಿತ್ತು. ಅಮ್ಮ ನೆಲ ನೋಡಿಕೊಂಡೇ ಹೇಳಿದಳು: "ನಿಂಗಿಂತ ಮುಂಚೆ ಒಂದು ಗಂಡು ಕೂಸಿತ್ತು. ಗುಂಡುಗುಂಡಕ್ಕಿತ್ತು. ತೂಕ ಹಾಕ್ಸಿ, ಬೀದಿಗೆಲ್ಲ ಹೇಳ್ಕೊಂಡು ಬಂದ್ಬುಟ್ಟೆ. ಅದಾಗಿ ತಿಂಗಳು ತುಂಬ್ಲಿಲ್ಲ, ಹೋಗ್ಬುಡ್ತು."

ನನಗೊಬ್ಬ ಅಣ್ಣ ಇದ್ದನೆಂದು ಗೊತ್ತಾದದ್ದು ಆಗಲೇ. ಮಗಳನ್ನು ಅಮ್ಮನ ಕೈಗೆ ಕೊಟ್ಟೆ. ಅಷ್ಟರಲ್ಲಿ ಹಿಂದೂಪುರದಿಂದ ಗಂಡನ ಫೋನ್ ಬಂತು, ತೂಕ ಎಷ್ಟಾಯಿತು ಎಂದು ಕೇಳಿದರು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬೆಳೀತಾವ್ಳೆ" ಎಂದಷ್ಟೇ ಹೇಳಿದೆ.