ಹುಟ್ಟಿದ ಮಕ್ಕಳು, ಇರುವ ಮಕ್ಕಳು

ಗಜೇಂದ್ರಗಡದಲ್ಲಿ ಹುಟ್ಟಿ, ಅಲ್ಲೇ ಓದಿ, ಅಲ್ಲಿಯ ಸರಕಾರಿ ಶಾಲೆಯಲ್ಲೇ ಇಪ್ಪತ್ತು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿರುವವಳು ನಾನು. ಗುಡ್ಡ, ಕೋಟೆ, ಎರೆಹೊಲ, ಮಗ್ಗ, ಊರಿನ ಯಾವ ವಿಷಯವನ್ನು ಯಾರೇ ಕೇಳಲಿ, ಪುಸ್ತಕ ತೆರೆಯದೆ ಹೇಳಬಲ್ಲೆ ಎಂಬ ಸಣ್ಣ ಜಂಬ ನನಗಿತ್ತು. ರೋಣದಿಂದ ಬೇರ್ಪಟ್ಟು ನಮ್ಮೂರೇ ತಾಲೂಕು ಕೇಂದ್ರವಾದ ಮೇಲೆ, ಹೊಸ ತಾಲೂಕಿನ ಪರಿಚಯಕ್ಕೆ ಒಂದು ಪುಸ್ತಿಕೆ ತರಬೇಕೆಂದು ಕಚೇರಿಯವರು ಹೊರಟರು. ನಮ್ಮ ಮುಖ್ಯಗುರುಗಳು ನನ್ನ ಹೆಸರು ಸೂಚಿಸಿದರು. ಇತಿಹಾಸ, ಭೂಗೋಳ, ಜನಸಂಖ್ಯೆ, ಹೀಗೆ ಮೂರು ಭಾಗ. ಮೊದಲ ಎರಡನ್ನು ವಾರದೊಳಗೆ ಬರೆದು ಮುಗಿಸಿದೆ. ಜನಸಂಖ್ಯೆಯ ಭಾಗ ಬಾಕಿ ಉಳಿದಿದ್ದಾಗಲೇ ದಸರೆಯ ರಜೆ ಬಂತು, ರಜೆಯ ಜೊತೆಗೆ ಶಿಕ್ಷಕರಿಗೆಲ್ಲ ಮನೆಮನೆ ಸಮೀಕ್ಷೆಯ ಕೆಲಸವೂ ಬಂತು.

ನನಗೆ ಸಿಕ್ಕಿದ್ದು ಊರ ಹೊರಗಿನ ಹೊಸ ಬಡಾವಣೆ. ನಾನು ಸಣ್ಣವಳಿದ್ದಾಗ ಅಲ್ಲಿ ಬಿಳಿಜೋಳದ ಹೊಲಗಳಿದ್ದವು. ಆ ಕಡೆ ಮನೆಗಳಾಗಿವೆ ಎಂಬುದು ಗೊತ್ತಿತ್ತು, ಆದರೆ ಬಸ್ಸಿನ ಕಿಟಕಿಯಿಂದ ನೋಡಿ ಗೊತ್ತು ಅಷ್ಟೆ. ಮೊದಲ ದಿನ ಒಳಗೆ ಕಾಲಿಟ್ಟು ಬೆಚ್ಚಿಬಿದ್ದೆ. ಒಂದರ ಹಿಂದೆ ಒಂದು ಓಣಿ, ಎಲ್ಲದಕ್ಕೂ ಒಂದೇ ಮುಖ. ಕಬ್ಬಿಣದ ಸರಳು ಮೇಲಕ್ಕೆ ಚಾಚಿಕೊಂಡ ಅರ್ಧ ಕಟ್ಟಿದ ಮನೆಗಳು, ಅವುಗಳ ಕೆಳಗಿನ ಮನೆಯಲ್ಲಿ ಆಗಲೇ ಬಾಡಿಗೆಯವರು. ಅಬ್ಬಿಗೇರಿಯಿಂದ ಮಕ್ಕಳ ಶಾಲೆಗಾಗಿ ಬಂದವರು, ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸಕ್ಕೆ ಬಂದು ಇಲ್ಲಿಯೇ ಲಗ್ನವಾದವರು, ನರಗುಂದ ಕಡೆಯಿಂದ ಮನೆ ಕಟ್ಟಲು ಬಂದ ಗೌಂಡಿಗಳು, ಹೊಳೆಆಲೂರಿನ ಹತ್ತಿರ ಮಲಪ್ರಭೆಯ ನೀರಿಗೆ ಮನೆ ಕಳೆದುಕೊಂಡು ಬಂದವರು. ಇಷ್ಟು ಜನ ಯಾವಾಗ ಬಂದರು? ನಾನು ತರಗತಿಯಲ್ಲಿ ನಕ್ಷೆ ತೋರಿಸುತ್ತಿದ್ದಾಗ ಊರು ನನ್ನ ಬೆನ್ನ ಹಿಂದೆ ಎರಡರಷ್ಟಾಗಿತ್ತು.

ಮೂರನೆಯ ಮನೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು.

"ನೀವು ಹೊರಗಿನವರೇನ್ರಿ? ಈ ಕಡೆ ನೋಡಿದಂಗ ಇಲ್ಲಲ್ಲ."

ಆಕೆ ಬಂದು ಇನ್ನೂ ನಾಲ್ಕೇ ವರ್ಷವಾಗಿತ್ತು. "ಇಲ್ಲೇ ಊರಾಗಿನಾಕಿ ರೀ" ಎಂದೆ, ಅದೂ ಅಳುಕುತ್ತ.

ಸಮೀಕ್ಷೆಯಲ್ಲಿ ಲಗ್ನವಾದ ಹೆಣ್ಣುಮಕ್ಕಳಿಗೆ ಕೇಳಬೇಕಾದ ಎರಡು ಪ್ರಶ್ನೆಗಳಿದ್ದವು. ಹುಟ್ಟಿದ ಮಕ್ಕಳು ಎಷ್ಟು, ಈಗ ಇರುವ ಮಕ್ಕಳು ಎಷ್ಟು. ಮೊಬೈಲಿನಲ್ಲಿ ಎರಡು ಸಣ್ಣ ಚೌಕ. ಅವರು ಹೇಳಿದ ಅಂಕಿ ಒತ್ತುವುದು, ಮುಂದಿನ ಪ್ರಶ್ನೆಗೆ ಹೋಗುವುದು. ನೆಟ್‌ವರ್ಕ್ ಬಿಟ್ಟುಹೋಗುವ ಮೊದಲು ಮನೆ ಮುಗಿಸಬೇಕೆಂಬ ಅವಸರ. ಎರಡು ವಾರ ಹೀಗೆ ಒತ್ತಿದೆ.

ಕೊನೆಗೆ ನಮ್ಮ ಹಳೆಯ ಓಣಿಯ ಪಾಳಿ ಬಂದದ್ದು ಆಕಸ್ಮಿಕವಾಗಿ. ಅದನ್ನು ನೋಡಿಕೊಳ್ಳುತ್ತಿದ್ದ ಶಿಕ್ಷಕರಿಗೆ ಜ್ವರ ಬಂದು, ಉಳಿದ ಹತ್ತು ಮನೆಗಳನ್ನು ನನಗೆ ವಹಿಸಿದರು. ಅದರಲ್ಲಿ ನನ್ನ ತವರುಮನೆಯೂ ಒಂದು. ಗಂಡನ ಮನೆಯಿಂದ ಎರಡು ಓಣಿ ಆಚೆ ಇರುವ ಆ ಮನೆಗೆ ನಾನು ದಿನವೂ ಹೋಗುವವಳೇ. ಮುಂಜಾನೆ ಹತ್ತರ ಹೊತ್ತು. ಅವ್ವ ಪಡಸಾಲೆಯಲ್ಲಿ ಮೆಂತ್ಯಪಲ್ಯ ಸೋಸುತ್ತಿದ್ದಳು. ಅಪ್ಪ ಮಗ್ಗದ ಕುಣಿಗೆ ಮುಚ್ಚಿದ ಹಲಗೆಯ ಮೇಲೆ ಕೂತು ಪೇಪರನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದ. ಪಟ್ಟೇದಂಚಿನ ಸೀರೆ ನೇಯುತ್ತ ಜೀವಮಾನ ಕಳೆದವನು, ಕಣ್ಣು ಮಂಜಾದ ಮೇಲೆ ಮಗ್ಗ ಬಿಟ್ಟಿದ್ದ.

"ಇವತ್ತು ಮಗಳಾಗಿ ಬಂದಿಲ್ಲ, ಸರಕಾರದಾಕಿ ಆಗಿ ಬಂದೀನಿ" ಎಂದು ನಗುತ್ತ ಕೂತೆ. ವಯಸ್ಸು, ಕಸುಬು, ಓದು ಎಲ್ಲ ನಾನೇ ತುಂಬಿಕೊಂಡೆ. ಹುಟ್ಟಿದ ಮಕ್ಕಳು ಎಂಬಲ್ಲಿ ಮೂರು ಎಂದು ಒತ್ತಿದೆ.

"ಕೇಳದನ ಬರಕೋತಿಯೇನು?" ಅವ್ವ ಮೊಬೈಲಿನತ್ತ ಬಗ್ಗಿ ನೋಡಿದಳು. "ಅದೇನು ಒತ್ತಿದಿ?"

"ಮಕ್ಕಳ ಲೆಕ್ಕ. ನಾನು, ತಮ್ಮ, ತಂಗಿ. ಮೂರು."

"ಇರೂ ಮಕ್ಕಳನ್ನ ಕೇಳತಾರೋ, ಹುಟ್ಟಿದ ಮಕ್ಕಳನ್ನ ಕೇಳತಾರೋ?"

"ಎರಡೂ ಕೇಳತಾರ."

ಅವ್ವ ಕೈಯಲ್ಲಿದ್ದ ಮೆಂತ್ಯದ ಕಟ್ಟು ಬುಟ್ಟಿಯಲ್ಲಿಟ್ಟಳು. "ಹುಟ್ಟಿದ್ದು ಐದು. ಇರೂದು ಮೂರು. ಹಂಗ ಬರಕೊ."

ನನಗೆ ನಗು ಬಂತು. ವಯಸ್ಸಾಯಿತು, ಯಾರದೋ ಲೆಕ್ಕ ಯಾರಿಗೋ ಸೇರಿಸುತ್ತಿದ್ದಾಳೆ ಎಂದುಕೊಂಡೆ. ಅಪ್ಪನ ಕಡೆ ತಿರುಗಿದೆ. ಅಪ್ಪ ಪೇಪರು ಮಡಚಿ, ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ನಡೆದುಬಿಟ್ಟ. ನಾನು ಮೊಬೈಲು ಕೆಳಗಿಟ್ಟೆ.

"ಯವ್ವಾ, ಏನಂತಿ ನೀ?"

"ಖರೇನ ಹೇಳಾಕತ್ತೀನಿ. ನಿನ್ನಕಿಂತ ಮೊದಲ ಎರಡು. ಹೆಣ್ಣೊಂದು, ಅದು ಹನ್ನೊಂದು ದಿನ ಇತ್ತು. ಆಮ್ಯಾಲ ಗಂಡು. ಅಂವ ಹೆಜ್ಜಿ ಹಾಕತಿದ್ದ. ವಾಂತಿಭೇದಿ ಹತ್ತಿತು. ರೋಣದ ದವಾಖಾನಿಗೆ ಒಯ್ಯೂಣಂತ ಬಸ್‌ಸ್ಟ್ಯಾಂಡಿಗೆ ಹ್ವಾದ್ವಿ. ಬಸ್ ಬರೂದ್ರಾಗ ನನ್ನ ತೊಡಿ ಮ್ಯಾಲನ..." ಅವ್ವ ಮಾತು ನಿಲ್ಲಿಸಿ ಮತ್ತೆ ಮೆಂತ್ಯದ ಕಟ್ಟು ಎತ್ತಿಕೊಂಡಳು.

ನಲವತ್ತಾರು ವರ್ಷ ನಾನು ಆ ಮನೆಯ ಹಿರಿಯ ಮಗಳಾಗಿ ಬದುಕಿದ್ದೆ. ಹಿರಿಯಾಕಿ ನೀನು, ತಮ್ಮಗ ಬಿಟ್ಟುಕೊಡು. ಹಿರಿಯಾಕಿ ನೀನು, ಅಳಬಾರದು. ನೌಕರಿ ಸಿಕ್ಕಾಗ, ತಂಗಿಯ ಲಗ್ನದಲ್ಲಿ, ಅಪ್ಪನ ಕಣ್ಣಿನ ಆಪರೇಷನ್ನಿನಲ್ಲಿ ಅದೇ ಮಾತು. ನನ್ನ ಮೇಲೆ ಇಬ್ಬರಿದ್ದರು. ಅವರ ಹೆಸರೂ ನನಗೆ ಗೊತ್ತಿರಲಿಲ್ಲ.

"ಯಾಕ ಹೇಳಲಿಲ್ಲ?" ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು.

"ನಮ್ಮತ್ತಿ, ನಿಮ್ಮ ಆಯಿ, ಆಣಿ ಹಾಕಿದ್ಲು. ಹ್ವಾದವರ ಹೆಸರು ಎತ್ತಿದ್ರ ಇದ್ದವರಿಗೆ ದೃಷ್ಟಿ ಅಂತ. ನೀ ಹುಟ್ಟಿದ ಕೂಡ್ಲೆ ತಿಪ್ಪಿ ಮ್ಯಾಲ ಉಳ್ಳಾಡಿಸಿದ್ಲು. ಮೂಗು ಚುಚ್ಚಿಸಿದ್ಲು. ಸಾಲಿಗೆ ಹಚ್ಚೂತನಕ ನಿನ್ನ ಹೆಸರೂ ತಿಪ್ಪಿದ ಇತ್ತಲ್ಲ."

ಅದು ನೆನಪಿತ್ತು. ಮನೆಯಲ್ಲಿ ನನ್ನನ್ನು ಆ ಹೆಸರಿನಿಂದ ಕರೆಯುವುದು ಆಯಿಯ ಅಕ್ಕರೆ ಎಂದು ತಿಳಿದಿದ್ದೆ. ಸಾವಿಗೆ ಬೇಡವಾಗಲಿ ಎಂದು ನನಗೆ ಕಸದ ಹೆಸರಿಟ್ಟಿದ್ದರು.

ಮೂರನ್ನು ಅಳಿಸಿ ಐದು ಒತ್ತಿದೆ. ಮಾಹಿತಿ ಉಳಿಯಿತು ಎಂದು ಹಸಿರು ಗುರುತು ಬಂತು. ಅಂದು ಉಳಿದ ಮನೆಗಳಿಗೆ ಹೋಗಲಾಗಲಿಲ್ಲ.

ಮರುದಿನ, ಸಮೀಕ್ಷೆಯ ತರಬೇತಿಯಲ್ಲಿ ಕೊಟ್ಟಿದ್ದ ಟಿಪ್ಪಣಿ ಪುಸ್ತಕ ತೆಗೆದು, ಎರಡು ವಾರದ ಮನೆಗಳನ್ನು ಮೊದಲಿಂದ ನೋಡಿದೆ. ಮೊಬೈಲಿಗೆ ಹಾಕುವ ಮೊದಲು ಪೆನ್ಸಿಲಿನಲ್ಲಿ ಗೀಚಿಕೊಳ್ಳುವ ರೂಢಿ ನನ್ನದು. ಅರವತ್ತು ದಾಟಿದ ಹೆಣ್ಣುಮಕ್ಕಳ ಸಾಲಿನಲ್ಲಿ ಎರಡೂ ಅಂಕಿ ಸರಿಹೊಂದಿದ ಮನೆಗಳು ಬೆರಳಲ್ಲಿ ಎಣಿಸುವಷ್ಟು. ಏಳು, ನಾಲ್ಕು. ಆರು, ಐದು. ಒಬ್ಬಾಕೆಯದು ಎಂಟು, ಎರಡು. ಆಕೆಯ ಮುಖವೂ ನನಗೆ ನೆನಪಾಗಲಿಲ್ಲ. ನನ್ನೆದುರು ಕೂತು ಹೇಳಿದ್ದಳು, ನಾನು ಒತ್ತಿ ಮುಂದೆ ಹೋಗಿದ್ದೆ. ಸ್ವಂತ ತಾಯಿ ಹೇಳುವವರೆಗೆ ಆ ಎರಡು ಚೌಕಗಳ ನಡುವೆ ಏನಿದೆ ಎಂದು ನಾನು ಯೋಚಿಸಿರಲಿಲ್ಲ. ನಾಚಿಕೆಯಿಂದ ಪುಸ್ತಕ ಮುಚ್ಚಿದೆ.

ಸಂಜೆ ತಮ್ಮನಿಗೆ ಫೋನು ಮಾಡಿದೆ. ನರಗುಂದದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಅವ್ವ ಹೇಳಿದ್ದನ್ನೆಲ್ಲ ಹೇಳಿದೆ. ಆತ ಕೇಳಿದ, "ಅಕ್ಕಾ, ಅವರನ್ನ ಎಲ್ಲಿ ಇಟ್ಟಾರ?"

ಅದು ನನಗೆ ಹೊಳೆದೇ ಇರಲಿಲ್ಲ. ಅವ್ವನನ್ನು ಕೇಳಿದೆ. ಆಕೆಗೂ ಗೊತ್ತಿರಲಿಲ್ಲ. ಹೆಣ್ಣುಮಕ್ಕಳು ಮಣ್ಣಿಗೆ ಹೋಗುವ ಪದ್ಧತಿ ಇರಲಿಲ್ಲ, ಕೂಸನ್ನು ಕೊಟ್ಟು ಒಳಗೆ ಕೂತಿದ್ದಳು. ಗೊತ್ತಿದ್ದದ್ದು ಅಪ್ಪನಿಗೊಬ್ಬನಿಗೆ. ಅವನು ಎರಡು ದಿನದಿಂದ ನನ್ನ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ. ನಾನು ಕೇಳಿದಾಗ ಗೋಡೆ ನೋಡುತ್ತ ಹೇಳಿದ.

"ಊರ ಹೊರಗ, ಹಳ್ಳದ ದಂಡಿಗೆ. ಹುಣಸಿ ಗಿಡ ಇತ್ತಲ್ಲ, ಅದರ ಪಡುವಣ ಮಗ್ಗಲಕ. ಸಣ್ಣ ಕೂಸುಗೋಳನ್ನ ಅಲ್ಲೇ ಇಡತಿದ್ರು ಎಲ್ಲಾರೂ."

ಅವ್ವ ಕೈ ಒರೆಸಿಕೊಂಡು ಎದ್ದಳು. "ನಡೀರಿ, ನಾ ನೋಡಬೇಕು."

ಮೂವರೂ ಆಟೋದಲ್ಲಿ ಹೋದೆವು. ಅಪ್ಪ ದಾರಿ ತೋರಿಸುತ್ತಿದ್ದ, ಬಲಕ್ಕೆ ಎಂದ, ಮುಂದೆ ಎಂದ. ಆಟೋ ನಾನು ಎರಡು ವಾರ ಸುತ್ತಿದ ಬಡಾವಣೆಯೊಳಗೇ ಹೊಕ್ಕಿತು. ಎರಡನೆಯ ತಿರುವಿನಲ್ಲಿ ಅಪ್ಪ ಆಟೋ ನಿಲ್ಲಿಸಿ ಕೆಳಗಿಳಿದ. ಸುತ್ತ ನೋಡಿದ. ಹಳ್ಳವಿರಲಿಲ್ಲ, ಅದರ ಜಾಗದಲ್ಲಿ ಸಿಮೆಂಟಿನ ಗಟಾರವಿತ್ತು. ಹುಣಸೆಯ ಗಿಡವಿರಲಿಲ್ಲ. ಅಪ್ಪ ಈ ಓಣಿಗೆ ನಾಲ್ಕು ಹೆಜ್ಜೆ, ಆ ಓಣಿಗೆ ನಾಲ್ಕು ಹೆಜ್ಜೆ ಇಟ್ಟು ವಾಪಸು ಬಂದ. ಅವನ ಮುಖದಲ್ಲಿ ಅಂಥ ದಿಗಿಲನ್ನು ನಾನು ಎಂದೂ ಕಂಡಿರಲಿಲ್ಲ.

"ಇದು ಯಾ ಊರವಾ?" ಎಂದ.

"ನಮ್ಮೂರ ಅಪ್ಪಾ."

"ಅಲ್ಲ. ನಮ್ಮೂರಲ್ಲ ಇದು."

ಆಮೇಲೆ ತಲೆ ಎತ್ತಿ ಗುಡ್ಡದ ಕಡೆ ನೋಡಿದ. ಮಂಜುಗಣ್ಣಿಗೆ ಕೋಟೆಯ ಗೋಡೆ ಕಾಣುತ್ತಿತ್ತೋ ಇಲ್ಲವೋ. "ಅವತ್ತ ಗೋಡಿ ತುದಿಗೆ ಮುಖ ಮಾಡಿ ನಿಂತಿದ್ದೆ. ಗೋಡಿ ಎಲ್ಲಿ ಮುಗೀತದ ಹೇಳು" ಎಂದು ನನ್ನನ್ನು ಕೇಳಿದ. ನಾನು ಬೆರಳು ಮಾಡಿ ತೋರಿಸಿದೆ. ಗೋಡೆಯ ಆ ತುದಿ ತನ್ನ ಮೂಗಿನ ನೇರಕ್ಕೆ ಬರುವ ತನಕ ಪಕ್ಕಕ್ಕೆ ಸರಿಯುತ್ತ ಹೋದ. ಒಂದು ನೀಲಿ ಗೇಟಿನ ಮುಂದೆ ನಿಂತ. "ಇಲ್ಲೇ. ಇಲ್ಲಾ, ಇದರ ಒಳಗ."

ಗೇಟಿನ ಪಕ್ಕದ ಗೋಡೆಗೆ ಸಮೀಕ್ಷೆಯ ಚೀಟಿ ಇತ್ತು. ಅದನ್ನು ಅಂಟಿಸಿದ್ದು ನಾನೇ.

ಮನೆಯಾಕೆ ನನ್ನನ್ನು ಗುರುತಿಸಿ ಹೊರಗೆ ಬಂದಳು. ಹೊಳೆ ಬಂದು ಮನೆ ಬಿದ್ದ ಮೇಲೆ ಹೊಳೆಆಲೂರಿನ ಕಡೆಯಿಂದ ಬಂದ ಕುಟುಂಬ. ಆಕೆ ಸೀರೆಗೆ ಫಾಲ್ಸ್ ಹಚ್ಚುತ್ತಾಳೆ, ಗಂಡ ಗೌಂಡಿ ಕೆಲಸ ಮಾಡುತ್ತಾನೆ. "ಬರ್ರಿ ಟೀಚರ್ರ, ಒಳಗ ಬರ್ರಿ. ಹಿರ್ಯಾರನ್ನ ಕರಕೊಂಡು ಬಂದೀರಿ, ಹೊರಗ ನಿಂದರಬಾರದು."

ಅಪ್ಪ ಬಾಯಿ ತೆರೆದ. "ತಂಗೀ, ಈ ಮನಿ ಕಟ್ಟೂ ಮೊದಲು ಇಲ್ಲಿ..."

ಅವ್ವ ಅವನ ಮುಂಗೈ ಹಿಡಿದಳು. "ನೀರಡಿಕಿ ಆಗೇದ ಇವರಿಗೆ. ಒಂದೀಟು ನೀರು ಕೊಡವಾ."

ಆಕೆ ಒಳಗೆ ಹೋದ ಕೂಡಲೆ ಅವ್ವ ಮೆಲ್ಲಗೆ ಹೇಳಿದಳು, "ಹೇಳಬ್ಯಾಡ್ರಿ. ಹೊಳಿ ಪಾಲಾಗಿ ಬಂದು ಹ್ಯಾಂಗೋ ಒಂದು ಮನಿ ಮಾಡಿಕೊಂಡಾರ. ಒಳಗ ಕೂಸುಗೋಳು ಮಲಗತಾವು. ನಾಳಿಂದ ಈಕಿ ನಿದ್ದಿ ಮಾಡೂದಿಲ್ಲ."

ನನಗೆ ಕೂಗಬೇಕೆನಿಸುತ್ತಿತ್ತು. ಅವ್ವ ಮಾತ್ರ ಆ ಮನೆಯ ಮೆಟ್ಟಿಲ ಮೇಲೆ ಕೂತು, ನೀರು ಕುಡಿದು, ಚಹಾ ಕುಡಿದು, ಮನೆಯಾಕೆಯ ಮಗಳ ತಲೆ ನೇವರಿಸಿದಳು. ಹೊರಡುವಾಗ ಅಂಗಳದ ಮೂಲೆಯಲ್ಲಿ ತುಳಸಿಯ ಪಕ್ಕ ಹಾಸುಗಲ್ಲಿಲ್ಲದೆ ಉಳಿದಿದ್ದ ತುಸು ಮಣ್ಣನ್ನು ಬಗ್ಗಿ ಮುಟ್ಟಿ, ಕೈಯನ್ನು ಹಣೆಗೆ ಒತ್ತಿಕೊಂಡಳು. ಮನೆಯಾಕೆ ಅದನ್ನು ತುಳಸಿಗೆ ಮಾಡಿದ ನಮಸ್ಕಾರ ಎಂದುಕೊಂಡಿರಬೇಕು.

ಪುಸ್ತಿಕೆಯ ಭೂಗೋಳದ ಭಾಗಕ್ಕೆ ನಾನು ಒಂದು ಸಾಲು ಸೇರಿಸಿದೆ. ಊರ ಹೊರಗಿನ ಹಳ್ಳದ ದಂಡೆಯಲ್ಲಿ ಹಿಂದೆ ಎಳೆಗೂಸುಗಳನ್ನು ಮಣ್ಣು ಮಾಡುತ್ತಿದ್ದರು, ಈಗ ಅಲ್ಲಿ ವಸತಿಯಿದೆ ಎಂದು. ಬಡಾವಣೆಯ ಹೆಸರು ಹಾಕಲಿಲ್ಲ. ಕಚೇರಿಯ ಅಧಿಕಾರಿ ಓದಿ ಪೆನ್ನಿನಿಂದ ಅದನ್ನು ಹೊಡೆದುಹಾಕಿದರು. "ದಾಖಲಿ ಎಲ್ಲೈತ್ರಿ ಮೇಡಂ?" ಎಂದರು. ಬಿರುಸಾಗಿಯೇನೂ ಅಲ್ಲ, ನಿಜಕ್ಕೂ ಕೇಳಿದರು. ನನ್ನಲ್ಲಿ ದಾಖಲೆ ಇರಲಿಲ್ಲ. ನನ್ನ ಅಪ್ಪನ ಮೂಗಿನ ನೇರಕ್ಕೆ ಕೋಟೆಯ ಗೋಡೆ ಬಂದಿತ್ತು ಎಂದು ಕಚೇರಿಯಲ್ಲಿ ಹೇಗೆ ಹೇಳಲಿ? ಪುಸ್ತಿಕೆ ಆ ಸಾಲಿಲ್ಲದೆ ಅಚ್ಚಾಯಿತು. ಆ ನೀಲಿ ಗೇಟಿನ ಮನೆಯಾಕೆಯ ಮುಖ ನೆನೆದು ಒಳ್ಳೆಯದೇ ಆಯಿತು ಎಂದೂ ಅನಿಸಿತು. ಆ ವಿಷಯದಲ್ಲಿ ನನ್ನ ಮನಸ್ಸು ಈಗಲೂ ಎರಡಾಗಿದೆ.

ಮನೆಯಲ್ಲಿ ಮಾತ್ರ ಬಾಯಿಗೆ ಹಾಕಿದ್ದ ಬೀಗ ತೆರೆಯಿತು. ಅವ್ವ ಈಗ ಯಾರು ಕೇಳಿದರೂ ಐದು ಎನ್ನುತ್ತಾಳೆ. ಓಣಿಯ ಹಿರಿಯ ಹೆಣ್ಣುಮಕ್ಕಳು ಬಂದು ಕೂತಾಗ ಒಬ್ಬೊಬ್ಬರೂ ತಮ್ಮ ತಮ್ಮ ಮಕ್ಕಳ ಹೆಸರು ತೆಗೆಯುತ್ತಾರೆ. ಅಷ್ಟು ವರ್ಷ ಅಕ್ಕಪಕ್ಕದಲ್ಲೇ ಇದ್ದು ಒಬ್ಬರಿಗೊಬ್ಬರು ಹೇಳಿರಲಿಲ್ಲ.

ದೀಪಾವಳಿಗೆ ತಮ್ಮ, ತಂಗಿ ಎಲ್ಲ ಕೂಡಿದ್ದೆವು. ಮಧ್ಯಾಹ್ನದ ಊಟವಾದ ಮೇಲೆ ಅವ್ವ, ತೀರಿಹೋದ ಗಂಡುಹುಡುಗನನ್ನು ಯಾವುದೋ ಹಳೆಯ ಅರಿವೆಯಲ್ಲಿ ಸುತ್ತಿ ಮಣ್ಣಿಗೆ ಕಳಿಸಿದರು, ಅದೊಂದು ತನ್ನನ್ನು ಸುಡುತ್ತದೆ ಎಂದಳು. ಅಪ್ಪ ತಲೆ ಬಗ್ಗಿಸಿ ಕೂತಿದ್ದ.

"ಹಳೇ ಅರಿವ್ಯಾಗ ಅಲ್ಲ" ಎಂದ. "ಮಗ್ಗದ ಮ್ಯಾಲ ಸೀರಿ ಇತ್ತು. ಅರ್ಧ ಆಗಿತ್ತು. ಅದನ್ನ ಕೊಯ್ದು ಒಯ್ದೆ. ಅದರಾಗ ಸುತ್ತಿ ಇಟ್ಟೆ."

ನೇಯುವ ಮನೆಯಲ್ಲಿ ಹುಟ್ಟಿದ ನಮಗೆ ಅದರ ಅರ್ಥ ಗೊತ್ತಿತ್ತು. ಮಗ್ಗದ ಮೇಲಿನ ಹಾಸುನೂಲಿಗೆ ನೇಯ್ಗೆ ಮುಗಿಯುವ ಮೊದಲು ಯಾರೂ ಕತ್ತರಿ ಹಾಕುವುದಿಲ್ಲ, ಹಾಕಿದರೆ ಅಷ್ಟು ದಿನದ ದುಡಿಮೆ ಹಾಳು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವ್ವ ಗಂಡನನ್ನು ಹೊಸಬನನ್ನು ನೋಡುವ ಹಾಗೆ ನೋಡುತ್ತಿದ್ದಳು.

"ಇಷ್ಟು ವರ್ಷ ನನಗ ಹೇಳಲಿಲ್ಲ ನೀವು."

"ನೀ ಕೇಳಲಿಲ್ಲ."

"ಯಾ ಬಣ್ಣದ್ದಿತ್ತು?"

"ಹಸರು. ಕೆಂಪು ಅಂಚು."

ಅವ್ವ ಆಗ ಅತ್ತಳು. ಮಕ್ಕಳೆದುರು, ಸೊಸೆಯೆದುರು, ಸೆರಗು ಮುಚ್ಚಿಕೊಳ್ಳದೆ ಅತ್ತಳು. ನಮ್ಮಲ್ಲಿ ಯಾರೂ ಆಕೆಯನ್ನು ಸುಮ್ಮನಿರಿಸಲು ಹೋಗಲಿಲ್ಲ. ಅಪ್ಪ ಹಲಗೆಯಿಂದ ಎದ್ದು ಬಂದು ಆಕೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತ.