ಬ್ಯಾರನ್ನಿನಲ್ಲಿ ಒಣಗಿಸಿದ ಕ್ಯಾಸೆಟ್ಟು

ಮೊನ್ನೆ ಹಾರನಹಳ್ಳಿಯಿಂದ ತವರಿಗೆ ಬಂದ ನಮ್ಮಕ್ಕ ಬೀರು ತೆಗೆದು, ಹಳೆ ಸೀರೆಗಳ ಅಡಿಯಿಂದ ತನ್ನ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಎಳೆದಳು. ಡಬ್ಬಿ ಬಿಚ್ಚಿದ ಕೂಡಲೇ ಹದವಾದ ಹೊಗೆಸೊಪ್ಪಿನ ವಾಸನೆ. ಅದು ಅಲ್ಲಿಗೆ ಹೇಗೆ ಬಂತೆಂದು ನನಗೆ ಚೆನ್ನಾಗಿ ಗೊತ್ತಿತ್ತು.

“ಕೆ.ಆರ್. ನಗರದಲ್ಲಿ ಒಬ್ರು ಇದ್ನ ಪೆನ್‌ಡ್ರೈವ್‌ಗೆ ಆಕ್ಕೊಡ್ತಾರಂತೆ ಕಣ್ಲಾ. ನಡಿ, ಓಗವ,” ಅಂದಳು.

ನಾನು ಡಬ್ಬಿಯನ್ನು ಅವಳ ಕೈಯಿಂದ ತೆಗೆದು ಮುಚ್ಚಿದೆ. ಆ ಕ್ಯಾಸೆಟ್ಟಿನಲ್ಲಿ ನಮ್ಮವ್ವ ಇದ್ದಳು. ಗೋಡೆಯ ಮೇಲಿನ ಫೋಟೋದಲ್ಲೇನೋ ಇದ್ದಾಳೆ, ಆದರೆ ಯಾರೋ ಗದರಿಸಿ ಕೂರಿಸಿದ ಹಾಗೆ. ನಡೆದಾಡುವ, ಮಾತಾಡುವ ಅವ್ವ ಇದೊಂದರಲ್ಲೇ.

ನಿಮಗೂ ನೆನಪಿರಬಹುದು, ವಿಸಿಆರ್ ಬಾಡಿಗೆಗೆ ತರುವ ಕಾಲ. ಗಾವಡಗೆರೆಯಿಂದ ಸೈಕಲ್ ಕ್ಯಾರಿಯರ್‌ಗೆ ದಿಂಬು ಹಾಕಿ, ಮೆಷಿನ್ನನ್ನು ಹಸುಗೂಸಿನ ಹಾಗೆ ತರುತ್ತಿದ್ದೆವು. ಚಿತ್ರದಲ್ಲಿ ಗೆರೆ ಬಂದರೆ ಹೆಡ್ ಒರೆಸುವ ಪರಿಣತ ನಾನೇ. ಯಾರೂ ನೇಮಿಸಿರಲಿಲ್ಲ ಅನ್ನುವುದು ಬೇರೆ ಮಾತು. ಅವ್ವ ತೀರಿಕೊಂಡ ವರ್ಷ ಅಕ್ಕ ಕ್ಯಾಸೆಟ್ಟು ನೋಡಬೇಕೆಂದಳು. ತೆಗೆದರೆ ಬೂಷ್ಟು ಹಿಡಿದಿದೆ. ಹೊಗೆಸೊಪ್ಪು ಬೆಳೆಯುವವರ ತಲೆ ಹೇಗೆ ಓಡುತ್ತದೆ ನೋಡಿ. ತೇವ ಕುಡಿದದ್ದಕ್ಕೆಲ್ಲ, ಬೆಂಕಿಯ ಕಾವಿನಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ ಮನೆಯೇ ಮದ್ದು. ಅವತ್ತು ಬ್ಯಾರನ್ನಿಗೆ ಬೆಂಕಿ ಹಾಕಿತ್ತು. ಸೊಪ್ಪು ಕಟ್ಟಿದ ಕಡ್ಡಿಗೇ ಕ್ಯಾಸೆಟ್ಟನ್ನೂ ದಾರದಲ್ಲಿ ಬಿಗಿದು ನೇತುಹಾಕಿದೆ. ಸೊಪ್ಪು ಬಂಗಾರದ ಬಣ್ಣಕ್ಕೆ ಬಂತು. ಕ್ಯಾಸೆಟ್ಟು ಸುಟ್ಟ ಹಪ್ಪಳದಂತೆ ಸೊಟ್ಟಗಾಯಿತು. ಡಬ್ಬಿಗೆ ತುರುಕಿ ಸೀರೆಗಳ ಅಡಿಗೆ ತಳ್ಳಿದೆ; ಮೊನ್ನೆ ನೋಡಿದಾಗ ಅಕ್ಕ ಅದು ಹಳೇದಾಗಿ ಸೊಟ್ಟಗಾದದ್ದು ಅಂದುಕೊಂಡಳು.

ಅಕ್ಕ ಕೇಳಿದಾಗಲೆಲ್ಲ “ಮೆಷಿನ್ ಸಿಗ್ತಿಲ್ಲ ಕಣಕ್ಕ” ಅಂದೆ. ಕೆಲವು ವರ್ಷಕ್ಕೆ ಆ ಸುಳ್ಳು ನಿಜವೇ ಆಯಿತು. ಸಿ.ಡಿ. ಬಂತು, ಹುಣಸೂರಿನ ವಿಡಿಯೋ ಅಂಗಡಿಗಳು ಮೊಬೈಲ್ ಅಂಗಡಿಗಳಾದವು. ವಿಸಿಆರ್ ಕಾಲ ಮುಗಿದದ್ದಕ್ಕೆ ಈ ಸೀಮೆಯಲ್ಲಿ ಒಳಗೊಳಗೇ ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಕೆ.ಆರ್. ನಗರದ ಆ ಅಂಗಡಿಯವರು, ಮಹದೇವಣ್ಣ, ಹಿಂದೆ ಮದುವೆ ವಿಡಿಯೋ ತೆಗೆಯುತ್ತಿದ್ದವರು. ಮುಂದುಗಡೆ ಮೊಬೈಲ್ ಕವರು ಮಾರುತ್ತಾರೆ. ಹಿಂದುಗಡೆ, ಮೂರು ಕೆಟ್ಟ ವಿಸಿಆರ್‌ಗಳ ಭಾಗ ಸೇರಿಸಿ ಬದುಕಿಸಿಕೊಂಡ ಒಂದು ಮೆಷಿನ್ನು. ಕ್ಯಾಸೆಟ್ಟನ್ನು ಮೂಸಿ, “ಇದ್ನ ಬ್ಯಾರನ್‌ಗೆ ಆಕಿದ್ರಾ?” ಅಂದರು.

“ನಾನೇ ಕಣಕ್ಕ. ಒಣಗ್ಲಿ ಅಂತ ಆಕ್ದೆ. ನಿಂಗೆ ಸುಳ್ಳೇಳ್ದೆ,” ಅಂದೆ.

ಅಕ್ಕ ನನ್ನ ಕಡೆ ತಿರುಗಲಿಲ್ಲ. “ಏನಾರ ಉಳ್ದದಾ ನೋಡಿ ಅಣ್ಣ,” ಎಂದಳು ಅವರಿಗೆ.

ಅವರು ಸುರುಳಿಯನ್ನು ಬಿಚ್ಚಿ ಬೇರೆ ಕ್ಯಾಸೆಟ್ಟಿನ ಗೂಡಿಗೆ ಕೂರಿಸಿ, ಕೈಯಲ್ಲೇ ನಿಧಾನವಾಗಿ ತಿರುಗಿಸಿದರು. “ಮೇಲ್ಗಡೇದೆಲ್ಲ ಓಗ್ಬುಟ್ಟದೆ. ಒಳಗಡೇದು ಅಷ್ಟು ಕೆಟ್ಟಿಲ್ಲ ಬುಡಿ.”

ಧಾರೆಯೆಲ್ಲ ಹೋಗಿತ್ತು. ಉಳಿದದ್ದು ಊಟದ ಪಂಕ್ತಿ. ಗೆರೆಗಳ ನಡುವೆ ಅವ್ವ ಬಂದಳು, ಕೈಯಲ್ಲಿ ನೀರಿನ ಚೊಂಬು, ಕ್ಯಾಮೆರಾದ ಬೆಳಕಿಗೆ ಸೆರಗು ಅಡ್ಡ. “ನನ್ನೇನ್ ತೆಗೀತೀಯಪ್ಪ, ಅತ್ಲಾಗ್ ಓಗು,” ಎಂದು ಗದರಿಸಿ, ಆಚೆ ತಿರುಗಿ ಯಾರನ್ನೋ ಕೇಳಿದಳು: “ನಮ್ ಚಿಕ್ಕೋನು ಉಂಡ್ನಾ? ಬೆಳಗ್ಗಿಂದ ಕಾಣೆ.”

ಚಿಕ್ಕೋನು ನಾನೇ. ಈಗ ತಲೆಯೆಲ್ಲ ನರೆತಿದೆ.

ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ನನ್ನ ಕೈ ಹಿಡಿದುಕೊಂಡಳು. “ಇಲ್ಲೇ ಅವ್ನೆ ಕಣವ್ವ. ಇನ್ನೂ ಉಂಡಿಲ್ಲ,” ಎಂದಳು.

ಅಂಗಡಿಯಿಂದ ಹೊರಬಂದವಳೇ ನನ್ನನ್ನು ಎದುರಿನ ಹೋಟೆಲಿಗೆ ಕರೆದೊಯ್ದು, ಮುಂದೆ ಕೂತಳು. ಬ್ಯಾರನ್ನಿನ ಮಾತೇ ಎತ್ತಲಿಲ್ಲ. “ಇನ್ನೊಂಚೂರು ಅನ್ನ ಆಕ್ಸ್ಕೊ,” ಅಂದಳು. ನಾನು ಹಾಕಿಸಿಕೊಂಡೆ.